ಮುತ್ತಜ್ಜನ ಹೆಬ್ಬೆರಳು

ಎಡಗೈಯ ಹೆಬ್ಬೆರಳು ಬಲಗೈಯದಕ್ಕಿಂತ ಬೆಳ್ಳಗಿತ್ತು.

ಸಹಾಯಕ ಇನ್ಸ್‌ಪೆಕ್ಟರ್ ಮಾಧುರಿ ಎರಡನ್ನೂ ಮತ್ತೊಮ್ಮೆ ಹೋಲಿಸಿ ನೋಡಿದಳು. ವಸ್ತುಸಂಗ್ರಹಾಲಯದ ದೊಡ್ಡ ಕೋಣೆಯ ನಡುವೆ ಆ ಡೈನೋಸಾರಿನ ಅಸ್ಥಿಪಂಜರ ಹಿಂಗಾಲುಗಳ ಮೇಲೆ ಎದ್ದು ನಿಂತಿತ್ತು, ಎತ್ತರದ ಸೊಪ್ಪಿಗೆ ಬಾಯಿ ಚಾಚಿದ ಹಾಗೆ. ಮುಂಗೈಗಳು ಆಳೆತ್ತರದಲ್ಲಿ ಗಾಳಿಯಲ್ಲಿ ನಿಂತಿದ್ದವು. ಎರಡಕ್ಕೂ ಹೆಬ್ಬೆರಳಿನ ಜಾಗದಲ್ಲಿ ಗೇಣುದ್ದದ ಮುಳ್ಳು. ಬುಡ ದಪ್ಪ, ತುದಿ ಚೂಪು.

"ಮಾಂತು, ಇದನ್ನ ಸ್ವಲ್ಪ ಮೂಸಿ ನೋಡು."

ಹವಾಲ್ದಾರ ಮಾಂತು ಮೂಗು ಚಾಚಿದ. "ಬಣ್ಣದ ವಾಸನಿ ಅದರೀ ಮೇಡಂ. ಹೊಸಾ ಬಣ್ಣ."

ಅಕ್ಕಲಕೋಟೆಯ ಮಾಧುರಿ, ಜತ್ತಿನ ಮಾಂತು. ಪುಣೆಯ ಠಾಣೆಯಲ್ಲಿ ಇಬ್ಬರದೂ ಮರಾಠಿಯೇ. ಬೇರೆ ಯಾರೂ ಇಲ್ಲದಾಗ ಮಾತ್ರ ಊರ ಕನ್ನಡ. ಸೋಮವಾರ ಸಂಗ್ರಹಾಲಯಕ್ಕೆ ರಜೆ. ಕೋಣೆಯಲ್ಲಿ ಅವರಿಬ್ಬರು ಮತ್ತು ಆ ಪ್ರಾಣಿ.

ಹಿಂದಿನ ಗುರುವಾರ ವಾಘೋಲಿಯ ಆಚೆಯ ಪಾಳುಬಿದ್ದ ಕಲ್ಲುಗಣಿಯ ನೀರಿನಲ್ಲಿ ಇದೇ ಸಂಗ್ರಹಾಲಯದ ವಿಜ್ಞಾನಿ ಸುಖೇಶನ ಶವ ತೇಲಿತ್ತು. ಡೈನೋಸಾರುಗಳ ಎಲುಬು ಓದುವುದು ಅವನ ಕೆಲಸ. ಎಲುಬು ಹುಡುಕಲು ಹೋಗಿ ಕಾಲು ಜಾರಿರಬೇಕು ಎಂದು ಮೊದಲು ಹೇಳಿದವರು ಟ್ರಸ್ಟಿ ಸಿದ್ದಲಿಂಗಪ್ಪ. ಕುರಕುಂಭದಲ್ಲಿ ರಾಸಾಯನಿಕ ಕಾರ್ಖಾನೆ ನಡೆಸುವ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಯೂರಿದ ದೊಡ್ಡ ವ್ಯಾಪಾರಿ. ಮಾಧುರಿಗೆ ಆಗಲೇ ಅನುಮಾನ ಹುಟ್ಟಿತ್ತು. ಪುಣೆಯ ಸುತ್ತಲಿನ ಕರಿಕಲ್ಲೆಲ್ಲ ಒಂದಾನೊಂದು ಕಾಲದಲ್ಲಿ ಹರಿದು ಹೆಪ್ಪುಗಟ್ಟಿದ ಬೆಂಕಿಯ ಕಲ್ಲು. ಅದರೊಳಗೆ ಎಲುಬು ಸಿಗುವುದಿಲ್ಲ ಎಂಬುದು ಸುಖೇಶನಂಥವನಿಗೆ ಗೊತ್ತಿರದ ಸಂಗತಿಯಲ್ಲ.

ಶವಪರೀಕ್ಷೆ ಮಾಡಿದ ವೈದ್ಯೆ ಇನ್ನೂ ಸ್ಪಷ್ಟವಾಗಿ ಹೇಳಿದ್ದಳು. ಶ್ವಾಸಕೋಶದಲ್ಲಿ ನೀರಿಲ್ಲ, ಸತ್ತ ಮೇಲೆ ನೀರಿಗೆ ಹಾಕಿದ್ದಾರೆ. ಎಡಗಿವಿಯ ಹಿಂದೆ ಒಂದೇ ಗಾಯ. ಚಾಕುವಲ್ಲ, ರಾಡಲ್ಲ. ದುಂಡಗೆ, ಒಳಗೆ ಹೋದಂತೆ ಸಣ್ಣಗಾಗಿದೆ. ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಒಸರಿದೆ. ಗಾಯವಾದ ಮೇಲೂ ಆತ ಎದ್ದು ಓಡಾಡಿರಬಹುದು, ಮಾತಾಡಿರಬಹುದು. ಮಂಗಳವಾರದ ಹೊತ್ತಿಗೆ ಸತ್ತಿದ್ದಾನೆ. ಸಮಯಕ್ಕೆ ಆಸ್ಪತ್ರೆ ಸೇರಿದ್ದರೆ ಉಳಿಯುತ್ತಿದ್ದ.

ಆ ಕೊನೆಯ ಮಾತು ಮಾಧುರಿಯ ಎದೆಯಲ್ಲಿ ಕೂತುಬಿಟ್ಟಿತ್ತು.

ಅವಳು ಬ್ಲೇಡಿನಿಂದ ಬೆಳ್ಳಗಿನ ಮುಳ್ಳಿನ ಬುಡದಲ್ಲಿ ಮೆಲ್ಲಗೆ ಕೆರೆದಳು. ಹೊಸ ಪ್ಲಾಸ್ಟರ್ ಪುಡಿಪುಡಿಯಾಗಿ ಉದುರಿತು. ಮಣಿಕಟ್ಟಿನ ಬಳಿ ಹೊಸದೂ ಹಳೆಯದೂ ಕೂಡುವ ಸಂದಿಯಲ್ಲಿ ಒಂದು ಕಂದು ಗೆರೆ. ಬಣ್ಣ ಬಳಿದವನ ಕುಂಚ ಅಲ್ಲಿಗೆ ತಲುಪಿರಲಿಲ್ಲ. ಅದನ್ನೂ ಕೆರೆದು ಲಕೋಟೆಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಲು ಹೇಳಿದಳು.

"ರಕ್ತ ಅನ್ನಸ್ತದೇನ್ರಿ?" ಮಾಂತು ದನಿ ತಗ್ಗಿಸಿ ಕೇಳಿದ.

"ಅನ್ನಸೋದಕ್ಕ ಏನೂ ಬೆಲಿ ಇಲ್ಲ. ವರದಿ ಬರಲಿ."

ಕಾವಲುಗಾರನನ್ನು ಕೇಳಿದಾಗ ಮುಳ್ಳನ್ನು ಸರಿಮಾಡಿದವರು ಯಾರೆಂದು ತಕ್ಷಣ ಗೊತ್ತಾಯಿತು. ಮುಚ್ಚುಮರೆ ಇರಲಿಲ್ಲ. ಹಿರಿಯ ವಿಜ್ಞಾನಿ ಡಾಕ್ಟರ್ ಮಾರ್ತಾಂಡ ಮಂಗಳವಾರ ಬೆಳಿಗ್ಗೆ ತಾವೇ ಏಣಿ ಹಾಕಿಕೊಂಡು, ತಾವೇ ಪ್ಲಾಸ್ಟರ್ ಕಲಸಿ ಮಾಡಿದ್ದರು.

*

ಮಾರ್ತಾಂಡರು ಮಧ್ಯಾಹ್ನ ಆಟೋದಲ್ಲಿ ಬಂದರು. ಎಪ್ಪತ್ತರ ಆಸುಪಾಸು, ಬಡಕಲು ಮೈ, ಬಿಳಿ ಜುಬ್ಬಾ. ವಿಜಯಪುರದವರು, ಪುಣೆಗೆ ಬಂದು ಕೂದಲು ಬೆಳ್ಳಗಾಗಿತ್ತು, ಮಾತು ಮಾತ್ರ ಬದಲಾಗಿರಲಿಲ್ಲ. ಮದುವೆಯಾಗಿರಲಿಲ್ಲ. ಸುಖೇಶ ಅವರ ಶಿಷ್ಯ. ಉಡುಪಿಯ ಕಡೆಯ ಹೋಟೆಲ್ ಮನೆತನದ ಹುಡುಗ ಇಡ್ಲಿ-ವಡೆ ಬಿಟ್ಟು ಎಲುಬಿನ ಹಿಂದೆ ಬಿದ್ದದ್ದು ಇವರ ಒಂದು ಭಾಷಣ ಕೇಳಿ.

ಈ ಪ್ರಾಣಿಯನ್ನು ಒಂಬತ್ತು ವರ್ಷಗಳ ಹಿಂದೆ ಲೋಕಕ್ಕೆ ತೋರಿಸಿದವರೂ ಇವರೇ. ಪತ್ರಿಕೆಗಳು ಇದಕ್ಕೆ 'ಬಾತುಮೂತಿಯ ಮುತ್ತಜ್ಜ' ಎಂದು ಹೆಸರಿಟ್ಟಿದ್ದವು. ಪಂಜರವೆಲ್ಲ ಪ್ಲಾಸ್ಟರ್ ಮತ್ತು ಕಬ್ಬಿಣದ ಸರಳು. ನಿಜವಾದದ್ದು ಕೆಳದವಡೆ ಮತ್ತು ಒಂದು ಹೆಬ್ಬೆರಳ ಎಲುಬು, ಅವು ಗಾಜಿನ ಪೆಟ್ಟಿಗೆಯಲ್ಲಿ. ಆ ದವಡೆಯ ಮೇಲೆಯೇ ಈ ಸಂಗ್ರಹಾಲಯ ನಿಂತಿತ್ತು. ಅದರ ಹೆಸರಿನಲ್ಲೇ ಸಿದ್ದಲಿಂಗಪ್ಪ ಹೊಸ ಕಟ್ಟಡ ಎಬ್ಬಿಸಲು ಹೊರಟಿದ್ದರು. ಆವತ್ತು ಬೆಳಿಗ್ಗೆಯೂ ಅವರು ಮಾಧುರಿಗೆ ಫೋನ್ ಮಾಡಿ, ತನಿಖೆ ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದರು.

ಮಾಧುರಿ ಕುರ್ಚಿ ಎಳೆದು ಕೊಟ್ಟಳು. ಮಾರ್ತಾಂಡರು ಕೂರಲಿಲ್ಲ.

"ಹೆಬ್ಬೆರಳು ಯಾವಾಗ ಮುರೀತ್ರಿ ಸರ್?"

"ಹೋದ ಸೋಮವಾರ."

"ಹ್ಯಾಂಗ?"

ಅವರು ಬೆಳ್ಳಗಿನ ಮುಳ್ಳಿನ ಕಡೆ ನೋಡಿದರು. ಮಾಧುರಿ ಒತ್ತಾಯಿಸಲಿಲ್ಲ. ಲ್ಯಾಪ್‌ಟಾಪು ತೆರೆದು ಅವರ ಮುಂದೆ ತಿರುಗಿಸಿದಳು. ಪರದೆಯ ಮೇಲೆ ಆ ದವಡೆಯ ಸ್ಕ್ಯಾನ್. ಎಲುಬನ್ನು ಬ್ರೆಡ್ಡಿನಂತೆ ಹೋಳುಹೋಳು ಮಾಡಿ ತೋರಿಸುವ, ಆಸ್ಪತ್ರೆಯಲ್ಲಿ ತೆಗೆಯುವ ಚಿತ್ರ. ಹಿಂದಿನ ದಿನ ಸುಖೇಶನ ಹೆಂಡತಿ ದೀಕ್ಷಿತಾ ಅದನ್ನು ತಂದುಕೊಟ್ಟಿದ್ದಳು. ಅವಳು ಒಂದು ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ಕೆಲಸಕ್ಕಿದ್ದಳು. ಸಾಯುವ ಕೆಲವು ದಿನ ಮೊದಲು ಸುಖೇಶ ದವಡೆಯನ್ನು ಸದ್ದಿಲ್ಲದೆ ಅಲ್ಲಿಗೆ ತಂದಿದ್ದನಂತೆ. ತಾನು ಆ ಎಲುಬನ್ನು ಮುಟ್ಟಿದ್ದು ಅದೇ ಮೊದಲು ಎಂದಿದ್ದಳು.

ಮಾರ್ತಾಂಡರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚಲೋ ತಗದಾರ," ಎಂದರು.

"ಏನದ ಇದರಾಗ, ನನಗ ತಿಳಿಯೋ ಹಂಗ ಹೇಳ್ರಿ."

ಅವರು ಹೇಳಿದರು. ತರಗತಿಯಲ್ಲಿ ಪಾಠ ಮಾಡುವವರ ದನಿಯಲ್ಲಿ, ಪರದೆಗೆ ಬೆರಳು ತಾಗಿಸದೆ. ಬಾತುಮೂತಿಯ, ಅಂದರೆ ಬಾತುಕೋಳಿಯಂಥ ಚಪ್ಪಟೆ ಮೂತಿಯ ಡೈನೋಸಾರುಗಳು ಸೊಪ್ಪು ತಿನ್ನುವ ಪ್ರಾಣಿಗಳು. ಅವುಗಳ ಬಾಯಿ ಒಂದು ಬೀಸುಕಲ್ಲು. ನೂರಾರು ಸಣ್ಣ ಹಲ್ಲುಗಳು ಒಂದಕ್ಕೊಂದು ಅಂಟಿ, ಒಂದರ ಕೆಳಗೆ ಮೂರು ನಾಲ್ಕು ಕಾದು ನಿಂತಿರುತ್ತವೆ. ಮೇಲಿನದು ಸವೆದಂತೆ ಕೆಳಗಿನದು ಏರುತ್ತದೆ. ಅವುಗಳಿಗಿಂತ ಹಳೆಯ ಸೊಪ್ಪುತಿನಿಗಳಿಗೆ ಹೀಗಿರಲಿಲ್ಲ. ಅಗಲವಾದ ಹಲ್ಲು, ಪ್ರತಿಯೊಂದರ ಕೆಳಗೆ ಒಂದೇ ಒಂದು ಕಾಯುವ ಹಲ್ಲು, ಕೈಯಲ್ಲಿ ಹೆಬ್ಬೆರಳಿನ ಮುಳ್ಳು. ಕಾಲ ಸರಿದಂತೆ ಮುಳ್ಳು ಹೋಯಿತು, ಹಲ್ಲು ಹೆಚ್ಚಿತು. ಆದರೆ ಯಾವುದು ಮೊದಲು? ಕೈ ಹಳೆಯದಾಗಿದ್ದು ಬಾಯಿ ಹೊಸದಾದ ಪ್ರಾಣಿ ಇತ್ತೇ? ಇದ್ದರೆ ಅದು ಎಲ್ಲಿತ್ತು?

"ಆ ನಡುವಿನ ಮೆಟ್ಟಲ ಈ ದೇಶದಾಗ ಅದ ಅಂತ ನಾ ತೋರಿಸಿದೆ," ಎಂದರು ಮಾರ್ತಾಂಡರು. "ಇಲ್ಲಿ ಯಾರೂ ಹುಡುಕಿರಲಿಲ್ಲ."

"ಚಿತ್ರದಾಗ ಹಂಗಿಲ್ಲಲ್ಲರಿ ಸರ್."

ಚಿತ್ರದಲ್ಲಿ ಹಾಗಿರಲಿಲ್ಲ. ಹೊರಗೆ ಕಾಣುವ ಹಲ್ಲುಗಳು ಕಿರಿದಾಗಿ, ಒತ್ತೊತ್ತಾಗಿ, ನಡುವೆ ಒಂದೇ ಉಬ್ಬುಗೆರೆ ಇರುವಂಥವು. ಎಲುಬಿನ ಒಳಗೆ ಕಾದು ಕೂತವು ಅಗಲವಾದವು, ಬಿಡಿಬಿಡಿಯಾದವು. ಮೇಲೆ ಒಂದು ಪ್ರಾಣಿ, ಕೆಳಗೆ ಇನ್ನೊಂದು. ಎರಡರ ನಡುವೆ ತೆಳ್ಳಗೆ ಒಂದು ಕಪ್ಪು ಪದರ. ಅದು ಅಂಟು.

"ಹೊರಗಿನ ಹಲ್ಲು ಕೂಡಿಸಿದವರು ಯಾರ್ರಿ?"

"ನಾನ."

ಮಾಂತು ಗೋಡೆಯ ಬಳಿ ನಿಂತಲ್ಲೇ ಮೈ ಸರಿಮಾಡಿಕೊಂಡ.

ಮಾರ್ತಾಂಡರು ಈಗ ಕೂತರು. ಕೇಳದೆಯೇ ಹೇಳಿದರು. ಮಹಾರಾಷ್ಟ್ರದ ಪೂರ್ವದ ಅಂಚಿನಲ್ಲಿ, ಕರಿಕಲ್ಲಿನ ಪದರ ಮುಗಿದು ಅದರ ಕೆಳಗಿನ ಹಳೆಯ ಮಣ್ಣು ಹೊರಗೆ ಇಣುಕುವ ಕಡೆ ಆ ದವಡೆ ಸಿಕ್ಕಿತ್ತು. ದವಡೆ ನಿಜ, ಹೆಬ್ಬೆರಳೂ ನಿಜ. ಹೊರಗಿನ ಹಲ್ಲುಗಳು ಉದುರಿಹೋಗಿದ್ದವು. ಹಾಗೆಯೇ ಪ್ರಕಟಿಸಿದ್ದರೆ ಒಂದು ಒಳ್ಳೆಯ ಸಣ್ಣ ಸಂಗತಿಯಾಗುತ್ತಿತ್ತು. ನಾಲ್ಕು ಜನ ಓದುತ್ತಿದ್ದರು. ಪಾಠಕ್ಕೆಂದು ಹೊರದೇಶದಿಂದ ತರಿಸಿದ ಬಾತುಮೂತಿಯ ಹಲ್ಲುಗಳು ಅವರ ಮೇಜಿನ ಖಾನೆಯಲ್ಲಿದ್ದವು. ಸುಮ್ಮನೆ ಒಂದನ್ನು ಇಟ್ಟು ನೋಡಿದರು.

"ಕೂತಬಿಟ್ತು ನೋಡ್ರಿ," ಎಂದರು. "ಅಲ್ಲೇ ಹುಟ್ಟಿತ್ತೇನೋ ಅನ್ನೋ ಹಂಗ."

ಆ ಮಾತಿನಲ್ಲಿ ಈಗಲೂ ಒಂದು ಬೆರಗಿತ್ತು. ಮಾಧುರಿಗೆ ಅದು ಅಸಹ್ಯವಾಯಿತು, ಮರುಕವೂ ಆಯಿತು.

"ಸುಖೇಶಗ ಗೊತ್ತಾತು. ಎಲ್ಲಾರ ಮುಂದ ಹೇಳ್ತೀನಿ ಅಂದ. ಹೌದಿಲ್ಲರಿ?"

"ಹೌದ್ರಿ. ಶುಕ್ರವಾರ ಸಭಾ ಇತ್ತು. ಅವತ್ತ ಹೇಳವನಿದ್ದ."

"ಸೋಮವಾರ ಇಲ್ಲಿ ಜಗಳ ಆತು."

"ಆತು. ನಾನ ದೂಡಿದೆ. ಮುಳ್ಳಿನ ಮ್ಯಾಲ ಬಿದ್ದ. ಸತ್ತ." ಅವರು ಕೈ ಮುಂದೆ ಚಾಚಿದರು, ಬೇಡಿಗೆ ಒಡ್ಡಿದ ಹಾಗೆ. "ಬರ್ಕೊಳ್ರಿ. ಎಲ್ಲಿ ಸಹಿ ಮಾಡ್ಲಿ?"

ಇಷ್ಟು ಸಲೀಸಾಗಿ ಕೊಲೆ ಒಪ್ಪಿಕೊಂಡವರನ್ನು ಮಾಧುರಿ ನೋಡಿರಲಿಲ್ಲ. ಅವಳು ಕೈಗಳನ್ನು ಹಾಗೇ ಇರಗೊಟ್ಟಳು.

"ಎಲ್ಲಿ ತಾಗಿತ್ರಿ ಮುಳ್ಳು?"

"ತಲಿಗೆ."

"ತಲಿ ದೊಡ್ಡದದ ಸರ್. ಎಲ್ಲಿ?"

ಮಾರ್ತಾಂಡರ ಬೆರಳು ಒಂದು ಕ್ಷಣ ತಡೆದು, ಹಣೆಯ ನಡುವೆ ಬಂದು ನಿಂತಿತು.

ಮಾಂತು ಮಾಧುರಿಯ ಮುಖ ನೋಡಿದ. ಅವಳು ನೋಡಲಿಲ್ಲ.

"ಬಿದ್ದ ಮ್ಯಾಲ?"

"ಅಲ್ಲೇ ಜೀವ ಹೋತು."

"ಗಣಿ ತನಕ ಒಯ್ದವರು ಯಾರು?"

"ನಾನ. ಗಾಡಿಯೊಳಗ."

"ಯಾರ ಗಾಡಿ? ನಿಮಗ ಗಾಡಿ ಹೊಡಿಲಿಕ್ಕೇ ಬರೂದಿಲ್ಲ. ಇಲ್ಲಿಗೂ ಆಟೋದಾಗ ಬಂದೀರಿ."

ಮುದುಕರ ಚಾಚಿದ ಕೈಗಳು ಮೆಲ್ಲಗೆ ತೊಡೆಯ ಮೇಲೆ ಬಂದವು.

ಮಾಧುರಿ ಎದ್ದು ಗೋಡೆಯ ಕಡೆ ನಡೆದಳು. ಅಲ್ಲಿ ಮುತ್ತಜ್ಜನ ಕತೆ ಹೇಳುವ ದೊಡ್ಡ ಪಟ ತೂಗುಹಾಕಿತ್ತು. ಎಲುಬು ಸಿಕ್ಕ ಜಾಗದ ಫೋಟೊ, ಪ್ರಾಣಿಯ ಬಣ್ಣದ ಚಿತ್ರ, ಮತ್ತು ಕೆಳಗಿನ ಮೂಲೆಯಲ್ಲಿ ದವಡೆಯದೊಂದು ಸ್ಕ್ಯಾನ್. ಲ್ಯಾಪ್‌ಟಾಪಿನಲ್ಲಿದ್ದಂಥದೇ. ಆದರೆ ಕತ್ತರಿಸಿದ್ದು, ಹೊರಗಿನ ಹಲ್ಲುಗಳಷ್ಟೇ ಕಾಣುವಂತೆ, ಎಲುಬಿನ ಒಳಭಾಗ ಕೈಬಿಟ್ಟು.

"ಈ ಪಟ ಒಂಬತ್ತು ವರ್ಷದ್ದು. ಅಂದ್ರ ಆಗೂ ಒಮ್ಮೆ ಸ್ಕ್ಯಾನ್ ಆಗ್ಯದ. ಯಾರು ಮಾಡಿದ್ರಿ ಸರ್?"

ಮಾರ್ತಾಂಡರು ಮೊದಲ ಬಾರಿಗೆ ಹೆದರಿದಂತೆ ಕಂಡರು.

"ಆ ಹುಡುಗಿನ್ನ ಇದರಾಗ ಎಳೀಬ್ಯಾಡ್ರಿ," ಎಂದರು.

ಮಾಧುರಿ ಯಾವ ಹುಡುಗಿಯ ಹೆಸರನ್ನೂ ಎತ್ತಿರಲಿಲ್ಲ.

*

ಮಾಂತುವನ್ನು ಅವರ ಜೊತೆ ಬಿಟ್ಟು ಅವಳೊಬ್ಬಳೇ ಜೀಪು ಹತ್ತಿದಳು. ಕಾತ್ರಜದವರೆಗೂ ವಾಹನಗಳ ಸಾಲು. ದಾರಿಯುದ್ದಕ್ಕೂ ಒಂದೇ ಯೋಚನೆ. ಗಾಯ ಎಲ್ಲಿದೆ ಎಂದು ಗೊತ್ತಿಲ್ಲದವನು ಕೊಂದಿರಲಾರ. ಆದರೆ ಕೊಂದವರು ಯಾರೆಂದು ಅವರಿಗೆ ಗೊತ್ತಿದೆ. ಅಥವಾ ಗೊತ್ತಿದೆ ಎಂದುಕೊಂಡಿದ್ದಾರೆ. ಮಕ್ಕಳಿಲ್ಲದ ಮುದುಕ ಜೈಲಿಗೆ ಹೋಗಲು ತಯಾರಾಗುವುದು ಯಾರಿಗೋಸ್ಕರ?

ದೀಕ್ಷಿತಾ ಬಾಗಿಲು ತೆರೆದಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಸೋಫಾದ ಮೇಲೆ ಸುಖೇಶನ ಅಂಗಿಗಳನ್ನು ಮಡಿಚಿ ಇಟ್ಟಿದ್ದಳು; ಊರಿನಿಂದ ಬಂದಿದ್ದ ಅತ್ತೆ ಬೆಳಿಗ್ಗೆಯಷ್ಟೇ ಹೊರಟಿದ್ದರು. ನೀರು ತರಲೇ ಎಂದು ಕೇಳಿದಳು. ಮಾಧುರಿ ಬೇಡವೆಂದಳು. ಕೂರುತ್ತಿದ್ದಂತೆಯೇ ಹೇಳಿದಳು.

"ಮಾರ್ತಾಂಡ ಸರ್ ಒಪ್ಪಿಕೊಂಡಾರ. ತಾವೇ ಕೊಂದೆ ಅಂದ್ರು."

ಅವಳು ಅಳುತ್ತಾಳೆ ಎಂದು ಮಾಧುರಿ ಕಾದಳು. ದೀಕ್ಷಿತಾ ಅಳಲಿಲ್ಲ. ಅವಳ ಮುಖದಲ್ಲಿ ಮೂಡಿದ್ದು ಗೊಂದಲ.

"ಹೇಗೆ ಕೊಂದದ್ದಂತೆ?"

"ದೂಡಿದ್ರಂತ. ಆ ಮುಳ್ಳಿನ ಮ್ಯಾಲ."

"ಇಲ್ಲ ಮೇಡಂ," ಎಂದಳು ದೀಕ್ಷಿತಾ. ಸ್ವಲ್ಪ ಹೊತ್ತು ಅಂಗಿಯೊಂದರ ಕಾಲರನ್ನು ಸರಿಮಾಡುತ್ತಾ ಕೂತಳು. ಆಮೇಲೆ ತಲೆ ಎತ್ತದೆ ಹೇಳಿದಳು. "ದೂಡಿದ್ದು ನಾನು."

ಒಂಬತ್ತು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದ ಹೊಸತು. ಇಬ್ಬರು ಗಂಡಸರು ಒಂದು ದವಡೆ ಹಿಡಿದುಕೊಂಡು ಆಸ್ಪತ್ರೆಗೆ ಬಂದಿದ್ದರು, ರೋಗಿಯನ್ನು ಹೊತ್ತು ತಂದವರ ಹಾಗೆ ಜೋಪಾನವಾಗಿ. ಸುಖೇಶನನ್ನು ಅವಳು ಮೊದಲು ನೋಡಿದ್ದು ಆಗಲೇ. ಸ್ಕ್ಯಾನ್ ಪರದೆಯ ಮೇಲೆ ಮೂಡಿದಾಗ ಮೂವರೂ ಜೊತೆಯಲ್ಲೇ ನಿಂತಿದ್ದರು, ಮೂವರಿಗೂ ಕಂಡಿತ್ತು. ಅವಳಿಗೆ ಡೈನೋಸಾರು ಗೊತ್ತಿಲ್ಲದಿರಬಹುದು, ದವಡೆ ಗೊತ್ತಿತ್ತು. ಮಗುವಿನ ಹಾಲುಹಲ್ಲಿನ ಕೆಳಗೆ ಅದೇ ಬಾಯಿಯ ಹಲ್ಲು ಇರಬೇಕು. ಇಲ್ಲಿ ಇರಲಿಲ್ಲ.

ಸುಖೇಶ ಗುರುವಿನ ಮುಖ ನೋಡಿದ. ಗುರು ನೆಲ ನೋಡಿದರು. ಕೊನೆಗೆ ಸುಖೇಶನೇ ಅವಳನ್ನು ಬೇಡಿಕೊಂಡ, ಒಳಗಿನ ಭಾಗ ಬಿಟ್ಟು ಚಿತ್ರ ಕೊಡಿ ಎಂದು. ಅವಳು ಕೊಟ್ಟಳು. ಪರೀಕ್ಷಿಸಿ ನೋಡಿದ್ದೇನೆ, ಅಂಟಿಸಿದ ಗುರುತಿಲ್ಲ ಎಂದು ಸಹಿಯನ್ನೂ ಹಾಕಿದಳು. ಮರುವರ್ಷ ಅವರ ಮದುವೆಯಾಯಿತು. ಅವಳಿಗೆ ತಂದೆ ಇರಲಿಲ್ಲ. ಧಾರೆ ಎರೆದವರು ಮಾರ್ತಾಂಡರು.

"ಹಾಗಾದ್ರ ಸುಖೇಶಗ ಮೊದಲಿಂದನೂ ಗೊತ್ತಿತ್ತು."

"ಗೊತ್ತಿತ್ತು. ಇಷ್ಟು ವರ್ಷ ಅದರ ಮೇಲೆಯೇ ಬದುಕಿದ್ದು ನಾವು."

"ಮತ್ತ ಈಗ್ಯಾಕ ಹೇಳ್ಲಿಕ್ಕೆ ಹೊಂಟ?"

ದೀಕ್ಷಿತಾಳ ಕೈ ನಿಂತಿತು. "ಅವರಿಗೆ ನಿಜವಾದದ್ದು ಸಿಕ್ಕಿತು ಮೇಡಂ."

ಹಿಂದಿನ ಬೇಸಗೆಯಲ್ಲಿ ಅದೇ ಜಾಗಕ್ಕೆ ಹೋಗಿದ್ದಾಗ ಸುಖೇಶನಿಗೆ ಅಂಗೈಯಗಲದ ದವಡೆಯ ತುಂಡೊಂದು ಸಿಕ್ಕಿತ್ತಂತೆ. ಅದನ್ನೂ ಅವಳೇ ಸ್ಕ್ಯಾನ್ ಮಾಡಿದ್ದಳು. ಹೊರಗಿನ ಹಲ್ಲು, ಒಳಗಿನ ಹಲ್ಲು ಎರಡೂ ಒಂದೇ. ಪ್ರತಿ ಹಲ್ಲಿನ ಕೆಳಗೆ ಎರಡು ಕಾಯುತ್ತಿದ್ದವು. ಹಳೆಯವಕ್ಕಿಂತ ಹೆಚ್ಚು, ಬಾತುಮೂತಿಗಿಂತ ಕಡಿಮೆ. ಮಾರ್ತಾಂಡರು ಸುಳ್ಳು ಹಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ನಿಜವಾಗಿಯೂ ಇತ್ತು, ಬೇರೆ ಆಕಾರದಲ್ಲಿ. ಆದರೆ ಮೊದಲಿನದು ಸುಳ್ಳು ಎಂದು ಹೇಳದೆ ಎರಡನೆಯದನ್ನು ಲೋಕದ ಮುಂದೆ ಇಡುವ ಹಾಗಿರಲಿಲ್ಲ. ಎರಡೂ ಒಂದೇ ಜಾಗದವು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟರೆ ಕಣ್ಣಿದ್ದವರು ಕೇಳಿಯೇ ಕೇಳುತ್ತಿದ್ದರು.

ಆ ದಿನಗಳಲ್ಲಿ ಸುಖೇಶ ಊಟ ಬಿಟ್ಟಿದ್ದ, ನಿದ್ದೆ ಬಿಟ್ಟಿದ್ದ. ಆದರೂ ಅವನು ಅಷ್ಟು ಸಂತೋಷವಾಗಿದ್ದುದನ್ನು ತಾನು ಎಂದೂ ನೋಡಿರಲಿಲ್ಲ ಎಂದಳು ದೀಕ್ಷಿತಾ. ಮುತ್ತಜ್ಜನ ದವಡೆಯನ್ನು ಮತ್ತೊಮ್ಮೆ, ಈ ಸಲ ಪೂರ್ತಿಯಾಗಿ ಸ್ಕ್ಯಾನ್ ಮಾಡಿಸಿದ. ಸಭೆಯಲ್ಲಿ ಎಲ್ಲವನ್ನೂ ಹೇಳುತ್ತೇನೆ, ನಿನ್ನ ಸಹಿಯ ವಿಷಯವನ್ನೂ ಮುಚ್ಚಿಡುವುದಿಲ್ಲ ಎಂದ. ಕೆಲಸ ಹೋಗುತ್ತದೆ, ಆಸ್ಪತ್ರೆಯವರು ಕೇಸು ಹಾಕುತ್ತಾರೆ ಎಂದು ಅವಳು ಅತ್ತಳು. ಸೋಮವಾರ ಮಧ್ಯಾಹ್ನ ಕೊನೆಯ ಬಾರಿ ಬೇಡಿಕೊಳ್ಳಲು ಸಂಗ್ರಹಾಲಯಕ್ಕೆ ಹೋದಳು. ರಜೆಯ ದಿನ, ಕಾವಲುಗಾರ ಊಟಕ್ಕೆ ಹೋಗಿದ್ದ. ಹಿಂಬಾಗಿಲು ತೆರೆದಿತ್ತು.

"ನನ್ನ ಹೆಸರೊಂದನ್ನು ಬಿಟ್ಟುಬಿಡಿ ಅಂತ ಕೇಳಿದೆ ಮೇಡಂ. ಇನ್ನು ಅರ್ಧ ಸುಳ್ಳು ಹೇಳ್ಲಿಕ್ಕೆ ಆಗೂದಿಲ್ಲ ಅಂದ್ರು. ಶಾಂತವಾಗಿ ಹೇಳಿದ್ರು. ಅದೇ ನಂಗೆ ತಡೀಲಿಕ್ಕೆ ಆಗಲಿಲ್ಲ."

ಅವಳು ದೂಡಿದಳು. ಮುಳ್ಳು ಮುರಿದ ಸದ್ದು ಕೇಳಿತು. ಅವನು ಕಿವಿಯ ಹಿಂದೆ ಕೈಯಿಟ್ಟುಕೊಂಡು ಕೆಳಗೆ ಕೂತ.

ಕಿವಿಯ ಹಿಂದೆ ಎಂಬ ಮಾತನ್ನು ಮಾಧುರಿ ಯಾರಿಗೂ ಹೇಳಿರಲಿಲ್ಲ.

"ಸತ್ರು ಅಂತ ಓಡಿದ್ಯೇನು?"

"ಇಲ್ಲ." ದೀಕ್ಷಿತಾ ಈಗ ನೇರವಾಗಿ ನೋಡಿದಳು. "ಅವರು ಸತ್ತಿರಲಿಲ್ಲ. ಎದ್ದು ಕೂತರು. ನಾನೇ ನೀರು ಕುಡಿಸಿದೆ, ಕರ್ಚೀಫು ಒತ್ತಿ ಹಿಡಿದೆ. ಆಸ್ಪತ್ರೆಗೆ ಹೋಗುವ ಅಂದ್ರೆ ಬೇಡ ಅಂದ್ರು. ಸಣ್ಣದು, ನೀನು ಮನೆಗೆ ಹೋಗು, ಸಂಜೆ ಮಾತಾಡುವ ಅಂದ್ರು. ನಾನು ಗೇಟಿನ ಹತ್ರ ಬರುವಾಗ ಸರ್ ಆಟೋದಿಂದ ಇಳಿತಾ ಇದ್ದರು. ಅಳ್ತಾ ಇದ್ದೆ, ಮಾತಾಡದೆ ಹೋದೆ. ಸರ್ ಇದ್ದಾರಲ್ಲ, ನೋಡ್ತಾರೆ ಅಂದುಕೊಂಡೆ."

"ಮತ್ತ ನಿನ್ನೆ ಅವರ ಮ್ಯಾಲ ಸಂಶಯ ಬರೋ ಹಂಗ ಸ್ಕ್ಯಾನ್ ತಂದುಕೊಟ್ಟಿ."

"ಆಮೇಲೆ ಒಳಗೆ ಇದ್ದದ್ದು ಅವರೊಬ್ಬರೇ ಅಲ್ಲವಾ? ನಾನು ದೂಡಿದ್ದು ಹೌದು. ಕೊಂದದ್ದು ಅವರು. ಹೇಳಬೇಕಾದರೆ ನಂದೂ ಹೇಳಬೇಕಾಗ್ತದೆ. ಧೈರ್ಯ ಬರಲಿಲ್ಲ."

ಮಾಧುರಿ ಮಾಂತುಗೆ ಫೋನ್ ಹಚ್ಚಿದಳು. ಮಾರ್ತಾಂಡ ಸರ್‌ಗೆ ಒಂದೇ ಪ್ರಶ್ನೆ ಕೇಳು ಎಂದಳು. ದೀಕ್ಷಿತಾ ಎಲ್ಲವನ್ನೂ ಹೇಳಿದ್ದಾಳೆ, ಇನ್ನು ಯಾರನ್ನೂ ಕಾಯುವ ಅಗತ್ಯವಿಲ್ಲ ಎಂದು ಮೊದಲು ತಿಳಿಸು. ಆಮೇಲೆ ಕೇಳು: ಸೋಮವಾರ ನೀವು ಒಳಗೆ ಹೋದಾಗ ಸುಖೇಶ ಬದುಕಿದ್ದನೇ, ಸತ್ತಿದ್ದನೇ?

ಆ ತುದಿಯಲ್ಲಿ ಮಾಂತು ಕೇಳುವ ದನಿ ಬಂತು. ಮುದುಕರು ಬಿಕ್ಕುವುದು ಕೇಳಿಸಿತು. ಕೊನೆಗೆ ಮಾಂತು ಮತ್ತೆ ಫೋನಿಗೆ ಬಂದ.

"ಮೇಡಂ, ಸರ್ ಹೇಳ್ತಾರ, ಅವರು ಒಳಗ ಹೋದಾಗ ಅಲ್ಲಿ ಯಾರೂ ಇದ್ದಿದ್ದಿಲ್ಲಂತ."

"ಯಾರೂ ಅಂದ್ರ?"

"ಸುಖೇಶ ಇದ್ದಿದ್ದಿಲ್ಲ. ಅವರ ಬ್ಯಾಗೂ ಇದ್ದಿದ್ದಿಲ್ಲ. ನೆಲದ ಮ್ಯಾಲ ರಕ್ತ ಇತ್ತಂತ, ಅಷ್ಟ. ಹುಡುಗಿ ಅಳಕೋತ ಹೋಗಿದ್ದು ನೋಡಿದ್ರಂತ. ಗಂಡ-ಹೆಂಡರ ಜಗಳ ಅಂದ್ಕೊಂಡು ರಕ್ತ ಒರೆಸಿ, ಮರುದಿನ ಮುಳ್ಳು ಸರಿ ಮಾಡಿದ್ರಂತ. ಗುರುವಾರ ಹೆಣ ಸಿಕ್ಕಾಗ, ಆಕೀನ ಏನರ ಮಾಡಿರಬೇಕು ಅಂತ ಬಾಯಿ ಮುಚ್ಚಿಕೊಂಡ್ರಂತ."

ಮಾಧುರಿ ಫೋನ್ ಇಟ್ಟಳು. ಗಾಯಗೊಂಡವನನ್ನು ಹಿಂಬಾಗಿಲಿನಿಂದ ಯಾರೋ ಕರೆದೊಯ್ದಿದ್ದರು. ದೀಕ್ಷಿತಾ ಗೇಟಿಗೆ ಬರುವಷ್ಟರಲ್ಲಿ, ಮಾರ್ತಾಂಡರು ಒಳಗೆ ಕಾಲಿಡುವಷ್ಟರಲ್ಲಿ. ಆಸ್ಪತ್ರೆಗೆ ಒಯ್ಯುತ್ತೇನೆ ಎಂದಿರಬಹುದು, ಅವನು ನಂಬಿ ಕಾರು ಹತ್ತಿರಬಹುದು. ತಲೆಯೊಳಗೆ ರಕ್ತ ಒಸರುತ್ತಿದ್ದವನನ್ನು ಎಲ್ಲೋ ಕೂರಿಸಿಕೊಂಡು, ಸಾಯುವವರೆಗೂ ನೋಡುತ್ತಾ ಇದ್ದಿರಬೇಕು. ಅವನ ಚೀಲದಲ್ಲಿ ಆ ನಿಜವಾದ ದವಡೆಯ ತುಂಡೂ ಇದ್ದಿರಬೇಕು.

ಇದನ್ನು ಈ ಹೆಣ್ಣುಮಗಳಿಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಸುತ್ತುಬಳಸದೆ ಹೇಳಿದಳು.

ದೀಕ್ಷಿತಾ ಎರಡು ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತನ್ನ ಫೋನ್ ತೆಗೆದು ಏನನ್ನೋ ಹುಡುಕಿ ಮುಂದಿಟ್ಟಳು.

"ಮಂಗಳವಾರ ಬೆಳಿಗ್ಗೆ ಅವರ ವಾಟ್ಸಾಪಿನಿಂದ ಬಂದದ್ದು. ಇದನ್ನು ನೋಡಿಯೇ ಬದುಕಿದ್ದಾರೆ ಅಂತ ಸುಮ್ಮನಿದ್ದೆ. ಆಮೇಲೆ, ಸರ್ ಬರೆದದ್ದು ಅಂದುಕೊಂಡೆ."

ಮಾಧುರಿ ಓದಿದಳು. 'ನಾ ಆರಾಮ ಇದ್ದೀನಿ. ಚಿಂತಿ ಮಾಡಬ್ಯಾಡ. ನಾಕ ದಿನ ಬಿಟ್ಟು ಬರ್ತೀನಿ.'

"ನಮ್ಮ ಮನೆಯಲ್ಲಿ ತುಳು ಮೇಡಂ. ಕನ್ನಡದಲ್ಲಿ ಬರೆದರೂ ಅವರು 'ಬ್ಯಾಡ' ಅಂತ ಬರೀಲಿಕ್ಕಿಲ್ಲ."

"ಮಾರ್ತಾಂಡ ಸರ್ ಮೊಬೈಲ್‌ನಾಗ ಕನ್ನಡ ಬರೀತಾರೇನು?"

"ಅವರಿಗೆ ಮೆಸೇಜು ಕಳಿಸ್ಲಿಕ್ಕೇ ಬರೂದಿಲ್ಲ," ಎಂದಳು ದೀಕ್ಷಿತಾ, ಮತ್ತು ತಾನು ಹೇಳಿದ್ದೇನೆಂದು ಆಗಷ್ಟೇ ಅವಳಿಗೆ ಅರ್ಥವಾಯಿತು.

ಸುಖೇಶನ ಫೋನ್ ಶವದ ಜೊತೆ ಸಿಕ್ಕಿರಲಿಲ್ಲ. ಸಿಮ್ ಸೋಮವಾರದಿಂದಲೇ ಬಂದ್ ಆಗಿತ್ತು. ಪೊಲೀಸರು ದಿನವೂ ನೋಡುತ್ತಿದ್ದರು. ಸಿಮ್ ಇಲ್ಲದಿದ್ದರೇನು, ಯಾರದೋ ಮನೆಯ ವೈಫೈ ಸಾಕು. ಮಾಧುರಿ ಆ ಮೂರು ವಾಕ್ಯಗಳನ್ನು ಮತ್ತೆ ಓದಿದಳು. ಅಕ್ಕಲಕೋಟೆಯಲ್ಲಿ ತನ್ನ ಅಣ್ಣ ಬರೆದರೂ ಹೀಗೆಯೇ ಬರೆಯುತ್ತಿದ್ದ. ಬೆಳಿಗ್ಗೆ ಫೋನಿನಲ್ಲಿ ಸಿದ್ದಲಿಂಗಪ್ಪನವರ ಮಾತೂ ಹೀಗೆಯೇ ಇತ್ತು.

ಅವಳ ಅಂಗೈಯಲ್ಲಿದ್ದಂತೆಯೇ ಆ ಫೋನ್ ನಡುಗಿತು.

ಪರದೆಯ ಮೇಲೆ ಸುಖೇಶನ ಫೋಟೊ ಮೂಡಿತು. ಅದರ ಪಕ್ಕದಲ್ಲಿ ಹೊಸ ಸಂದೇಶ.

'ಆ ಪೊಲೀಸ್ ಮೇಡಂ ಮುಂದ ಇನ್ನೇನೂ ಹೇಳಬ್ಯಾಡ. ಆಕಿ ನಿನ್ನ ಮುಂದ ಕೂತದ್ದು ಕಿಟಕ್ಯಾಗಿಂದ ನನಗ ಕಾಣ್ತದ.'